ಏಪ್ರಿಲ್ 24ರ ಸಾಲುಗಳನ್ನು ಹೀಗೆ ತಾಳೆ ನೋಡಿ

ಮಾನ್ಯ ಸಂಪಾದಕರೇ,

ಪತ್ರಿಕೆಯ ಒಳಪುಟದಲ್ಲಿ ಪಂಚಾಂಗ, ಪದಬಂಧಗಳ ಪಕ್ಕ ಬರುವ ‘ಇತಿಹಾಸದಲ್ಲಿ ಈ ದಿನ’ ಐದಾರು ಸಾಲಿನ ಅಂಕಣ. ಅದನ್ನು ಓದುವವರು ಮಾತ್ರ ಬಹಳ ಜನ. ಶಾಲೆ ನಡೆಯುವ ದಿನಗಳಲ್ಲಿ ಬೆಳಗಿನ ಪ್ರಾರ್ಥನೆಯ ಹೊತ್ತಿಗೆ ಮಕ್ಕಳು ಅದನ್ನೇ ಗಟ್ಟಿಯಾಗಿ ಓದುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಕೂರುವವರು ಕತ್ತರಿಸಿ ನೋಟ್‌ಬುಕ್ಕಿಗೆ ಅಂಟಿಸಿಕೊಳ್ಳುತ್ತಾರೆ. ಎಂಟು ಗಂಟೆಯೊಳಗೆ ಅದರ ಫೋಟೊ ಹತ್ತಾರು ವಾಟ್ಸ್‌ಆ್ಯಪ್ ಗುಂಪುಗಳನ್ನು ಸುತ್ತಿರುತ್ತದೆ. ಆದ್ದರಿಂದ ಅಲ್ಲಿ ಒಂದು ಇಸವಿ ತಪ್ಪಿದರೆ ಅದು ಆ ದಿನಕ್ಕೆ ಮುಗಿಯುವ ತಪ್ಪಲ್ಲ. ಮರುವರ್ಷ ಅದೇ ದಿನ ಹಳೆಯ ಕಡತದಿಂದ ಎದ್ದು ಬಂದು ಮತ್ತೆ ಅಚ್ಚಾಗುತ್ತದೆ.

ಈ ಅಂಕಣಕ್ಕೆ ಇನ್ನೂ ನಾಲ್ಕು ಸಾಲು ಜಾಗ ಕೊಡಿ ಎನ್ನುವ ಓದುಗರು ನಾವು. ಆ ಪ್ರೀತಿಯಿಂದಲೇ ಈ ಪತ್ರ. ಸಾಲು ಚಿಕ್ಕದಾದಷ್ಟೂ ಅದರೊಳಗಿನ ಕ್ರಿಯಾಪದ, ಊರು, ಇಸವಿ ಮೂರೂ ಸರಿಯಾಗಿ ಕೂತಿರಬೇಕು, ಏಕೆಂದರೆ ವಿವರಣೆ ಕೊಟ್ಟು ಸರಿಪಡಿಸಲು ಅಲ್ಲಿ ಜಾಗವಿಲ್ಲ. ಎಲ್ಲೆಲ್ಲಿ ಎಡವುತ್ತೇವೆ ಎಂಬುದನ್ನು ತೋರಿಸಲು ಏಪ್ರಿಲ್ 24 ಒಂದೇ ದಿನ ಸಾಕು.

ಕ್ರಿಕೆಟ್ಟಿನಿಂದ ಶುರುಮಾಡೋಣ. ಹೆಚ್ಚು ಜನರಿಗೆ ನೆನಪಿರುವುದು ಅದು, ಹೆಚ್ಚು ತಪ್ಪಾಗುವುದೂ ಅಲ್ಲೇ. ಸಚಿನ್ ತೆಂಡೂಲ್ಕರ್ ಹುಟ್ಟಿದ್ದು 1973ರ ಏಪ್ರಿಲ್ 24ರಂದು. 1998ರ ಅದೇ ದಿನ ಶಾರ್ಜಾದಲ್ಲಿ ಭಾರತ ಮತ್ತು ಆಸ್ಟ್ರೇಲಿಯಾ ನಡುವೆ ಕೋಕಾ-ಕೋಲಾ ಕಪ್ ಫೈನಲ್ ನಡೆಯಿತು. ‘ಮರಳಿನ ಬಿರುಗಾಳಿಯ ಮಧ್ಯೆ ಹುಟ್ಟುಹಬ್ಬದ ದಿನ 143 ರನ್ ಬಾರಿಸಿ ಸಚಿನ್ ಕಪ್ ಗೆಲ್ಲಿಸಿದರು’ ಎಂಬ ಸಾಲು ಪದೇ ಪದೇ ಕಣ್ಣಿಗೆ ಬೀಳುತ್ತದೆ. ಇದರಲ್ಲಿ ಎರಡು ಪಂದ್ಯಗಳು ಒಂದಾಗಿ ಬೆರೆತಿವೆ. ಬಿರುಗಾಳಿ ಎದ್ದದ್ದು ಏಪ್ರಿಲ್ 22ರ ಪಂದ್ಯದಲ್ಲಿ. ಅಂದು ಆಸ್ಟ್ರೇಲಿಯಾ 7 ವಿಕೆಟ್‌ಗೆ 284 ರನ್ ಗಳಿಸಿತ್ತು. ಬಿರುಗಾಳಿಯಿಂದ ಸಮಯ ನಷ್ಟವಾಗಿ ಭಾರತಕ್ಕೆ 46 ಓವರ್‌ಗಳಲ್ಲಿ 276 ರನ್ ಗುರಿ ನಿಗದಿಯಾಯಿತು. ಫೈನಲ್ ತಲುಪಲು ಮಾತ್ರ 237 ರನ್ ಸಾಕಿತ್ತು. ಸಚಿನ್ 131 ಎಸೆತಗಳಲ್ಲಿ 143 ರನ್ ಹೊಡೆದರು. ಭಾರತ 5 ವಿಕೆಟ್‌ಗೆ 250 ರನ್ ಗಳಿಸಿ ಪಂದ್ಯ ಸೋತಿತು, ಆದರೆ ರನ್‌ರೇಟ್ ಬಲದಿಂದ ನ್ಯೂಜಿಲೆಂಡ್ ತಂಡವನ್ನು ಹಿಂದೆ ಹಾಕಿ ಫೈನಲ್‌ಗೆ ಹೋಯಿತು.

ಹುಟ್ಟುಹಬ್ಬದ ದಿನದ ಸ್ಕೋರು 134. ಎಸೆತಗಳು ಮತ್ತೆ 131. ಆಸ್ಟ್ರೇಲಿಯಾದ 9 ವಿಕೆಟ್‌ಗೆ 272 ರನ್‌ಗಳಿಗೆ ಉತ್ತರವಾಗಿ ಭಾರತ 48.3 ಓವರ್‌ಗಳಲ್ಲಿ 4 ವಿಕೆಟ್‌ಗೆ 275 ರನ್ ಮಾಡಿ 6 ವಿಕೆಟ್‌ಗಳಿಂದ ಗೆದ್ದಿತು. ಅದೇ ಮೈದಾನ, ಅದೇ ಎದುರಾಳಿ, ಎಸೆತಗಳ ಲೆಕ್ಕವೂ ಒಂದೇ, ಅಂಕಿಗಳೂ 3 ಮತ್ತು 4 ಅದಲುಬದಲಾದಷ್ಟೇ. ತಪ್ಪು ಹುಟ್ಟಲು ಇದಕ್ಕಿಂತ ಒಳ್ಳೆಯ ನೆಲ ಬೇಡ. ನೆನಪಿನಿಂದ ಬರೆದವರು ಇಲ್ಲಿ ಖಂಡಿತ ಜಾರುತ್ತಾರೆ. ಸ್ಕೋರ್‌ಕಾರ್ಡ್ ಎದುರಿಗಿಟ್ಟುಕೊಂಡು ಬರೆದರೆ ಎರಡು ನಿಮಿಷದ ಕೆಲಸ. ‘24’ ಎಂಬ ಅಂಕಿಯನ್ನಷ್ಟೇ ಹಿಡಿದುಕೊಂಡವರು ಇನ್ನೊಂದು ಕಡೆಯೂ ಎಡವುತ್ತಾರೆ: ಗ್ವಾಲಿಯರ್‌ನಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಸಚಿನ್ ಔಟಾಗದೆ 200 ರನ್ ಗಳಿಸಿದ್ದು 2010ರ ಫೆಬ್ರುವರಿ 24ರಂದು, ಏಪ್ರಿಲ್‌ನಲ್ಲಲ್ಲ.

ಈ ಪಂದ್ಯಗಳ ಜೊತೆಗೆ ಸೇರಿಸಬಹುದಾದ, ಆದರೆ ಯಾರೂ ಸೇರಿಸದ ಒಂದು ಸಂಗತಿಯಿದೆ. ಏಪ್ರಿಲ್ 22ರಂದು ಸಚಿನ್ ವಿಕೆಟ್ ಪಡೆದ ವೇಗಿ ಡೇಮಿಯನ್ ಫ್ಲೆಮಿಂಗ್ ಹುಟ್ಟಿದ್ದೂ ಏಪ್ರಿಲ್ 24ರಂದೇ, 1970ರಲ್ಲಿ, ಪಶ್ಚಿಮ ಆಸ್ಟ್ರೇಲಿಯಾದಲ್ಲಿ. ಒಂದೇ ದಿನ ಹುಟ್ಟಿದ ಇಬ್ಬರು ಎದುರುಬದುರು ಆಡಿದರು ಎಂಬಂಥ ಸಾಲು ಸಿಕ್ಕರೆ ಅಂಕಣಕ್ಕೆ ಜೀವ ಬರುತ್ತದೆ. ಹುಟ್ಟುಹಬ್ಬಗಳ ಪಟ್ಟಿಯನ್ನೂ ಪಂದ್ಯಗಳ ಪಟ್ಟಿಯನ್ನೂ ಬೇರೆ ಬೇರೆ ಕಡತಗಳಲ್ಲಿ ಇಟ್ಟರೆ ಇಂಥವು ಸಿಗುವುದಿಲ್ಲ. ದಿನಾಂಕದ ಪ್ರಕಾರ ಒಂದೇ ಕಡೆ ಜೋಡಿಸಿಡಬೇಕು.

ಕ್ರೀಡೆಯ ಬಗ್ಗೆ ಇನ್ನೊಂದು ಮಾತು. ಟೆಸ್ಟ್ ಪಂದ್ಯಗಳಲ್ಲಿ ಪಂದ್ಯ ಶುರುವಾದ ದಿನವನ್ನೇ ದಾಖಲೆಯ ದಿನವೆಂದು ಬರೆದುಬಿಡುವ ರೂಢಿಯಿದೆ. ದೆಹಲಿಯ ಫಿರೋಜ್ ಶಾ ಕೋಟ್ಲಾದಲ್ಲಿ ಪಾಕಿಸ್ತಾನದ ವಿರುದ್ಧದ ಟೆಸ್ಟ್ ಆರಂಭವಾದದ್ದು 1999ರ ಫೆಬ್ರುವರಿ 4ರಂದು. ನಮ್ಮ ಅನಿಲ್ ಕುಂಬ್ಳೆ ಒಂದೇ ಇನಿಂಗ್ಸ್‌ನಲ್ಲಿ 10 ವಿಕೆಟ್ ಕಿತ್ತದ್ದು ಫೆಬ್ರುವರಿ 7ರಂದು. ಅಂಕಿ-ಅಂಶದ ತಾಣಗಳಲ್ಲಿ ಪಂದ್ಯದ ಮುಂದೆ ಮೊದಲ ದಿನದ ತಾರೀಖನ್ನಷ್ಟೇ ಕೊಡುವುದರಿಂದ ನಕಲು ಮಾಡುವವರು ಮೋಸ ಹೋಗುತ್ತಾರೆ.

ಇನ್ನು ಕನ್ನಡಿಗರಿಗೆ ಏಪ್ರಿಲ್ 24 ಅಂದರೆ ಮೊದಲು ನೆನಪಾಗುವುದು ರಾಜ್‌ಕುಮಾರ್. ಅವರ ಬಗೆಗಿನ ಸಾಲಿನಲ್ಲಿ ಊರು ತಪ್ಪುತ್ತದೆ. ‘1929: ಚಾಮರಾಜನಗರ ಜಿಲ್ಲೆಯ ಗಾಜನೂರಿನಲ್ಲಿ ಜನನ’ ಎಂದು ಬರೆದರೆ ಮೂರು ಕಾಲದ ಭೂಪಟ ಕಲಸಿಹೋದಂತೆ. ಗಾಜನೂರು 1929ರಲ್ಲಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಈಗ ತಮಿಳುನಾಡಿನಲ್ಲಿದೆ. ಅವರ ಮನೆತನದ ಹೆಸರಿನಲ್ಲಿರುವ ಸಿಂಗಾನಲ್ಲೂರು ಕೊಳ್ಳೇಗಾಲದ ಸೀಮೆಯದು. ಆಗ ಕೊಳ್ಳೇಗಾಲವೂ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಚಾಮರಾಜನಗರ ಎಂಬ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಆದ್ದರಿಂದ ಊರಿನ ಹೆಸರು ಬರೆದು, ಅಂದಿನ ಆಡಳಿತ ಮತ್ತು ಇಂದಿನ ರಾಜ್ಯ ಎರಡನ್ನೂ ಹೇಳಬೇಕು: ‘ಅಂದಿನ ಮದ್ರಾಸ್ ಪ್ರಾಂತ್ಯದ, ಇಂದಿನ ತಮಿಳುನಾಡಿನ ಗಾಜನೂರಿನಲ್ಲಿ’. ನಾಲ್ಕು ಪದ ಹೆಚ್ಚಾಗುತ್ತದೆ, ಆಗಲಿ. ಕನ್ನಡದ ಗಡಿ ಎಲ್ಲಿಂದ ಎಲ್ಲಿಗಿತ್ತು ಎಂಬುದನ್ನು ಆ ನಾಲ್ಕು ಪದ ಮಕ್ಕಳಿಗೆ ಹೇಳಿಕೊಡುತ್ತದೆ.

ಹೆಸರಿನಲ್ಲೂ ಇದೇ ಎಚ್ಚರ ಬೇಕು. ಹುಟ್ಟಿದ್ದು ಮುತ್ತುರಾಜ್. 1954ರ ‘ಬೇಡರ ಕಣ್ಣಪ್ಪ’ದ ಹೊತ್ತಿಗೆ ನಿರ್ದೇಶಕ ಎಚ್.ಎಲ್.ಎನ್. ಸಿಂಹ ಅವರಿಂದ ರಾಜ್‌ಕುಮಾರ್ ಆದರು. ಮೈಸೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ. ಜನನದ ಸಾಲಿನಲ್ಲಿ ‘ವರನಟ ರಾಜ್‌ಕುಮಾರ್, ಮೂಲ ಹೆಸರು ಮುತ್ತುರಾಜ್’ ಎಂದರೆ ಎಲ್ಲರಿಗೂ ಗೊತ್ತಾಗುತ್ತದೆ, ಕಾಲವೂ ಅಡ್ಡಾದಿಡ್ಡಿಯಾಗುವುದಿಲ್ಲ.

ವಯಸ್ಸಿನ ಲೆಕ್ಕಕ್ಕೆ ಬಂದರೆ, ಅವರು ತೀರಿಕೊಂಡದ್ದು 2006ರ ಏಪ್ರಿಲ್ 12ರಂದು. 2006ರಿಂದ 1929 ಕಳೆದರೆ 77. ಆದರೆ ಆ ವರ್ಷದ ಹುಟ್ಟುಹಬ್ಬಕ್ಕೆ ಇನ್ನೂ ಹನ್ನೆರಡು ದಿನ ಬಾಕಿಯಿತ್ತು, ಹಾಗಾಗಿ ತುಂಬಿದ್ದು 76. ಇಸವಿಯಿಂದ ಇಸವಿ ಕಳೆದು ವಯಸ್ಸು ಹಾಕುವವರು ಇಲ್ಲಿ ಪ್ರತಿ ಸಲ ಒಂದು ವರ್ಷ ಹೆಚ್ಚು ಬರೆಯುತ್ತಾರೆ. ಮೊದಲು ತಿಂಗಳು-ದಿನ ನೋಡಿ, ಆ ವರ್ಷದ ಹುಟ್ಟುಹಬ್ಬ ದಾಟಿಲ್ಲವಾದರೆ ಒಂದು ಕಳೆಯಬೇಕು. ಕನ್ನಡದಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರುತ್ತದೆ. ಶಾರ್ಜಾದ ಆ ದಿನ ಸಚಿನ್‌ಗೆ 25 ತುಂಬಿತು, 26ಕ್ಕೆ ಕಾಲಿಟ್ಟರು. ‘25ನೇ ವರ್ಷಕ್ಕೆ ಕಾಲಿಟ್ಟರು’ ಎಂದು ಬರೆದರೆ 24 ತುಂಬಿತು ಎಂದರ್ಥ. ‘ತುಂಬಿತು’, ‘ಕಾಲಿಟ್ಟರು’ ಎರಡೂ ನಮ್ಮಲ್ಲಿ ಬಳಕೆಯಲ್ಲಿರುವುದರಿಂದ ಯಾವುದಾದರೂ ಒಂದನ್ನೇ ಪತ್ರಿಕೆಯ ಪದ್ಧತಿಯಾಗಿ ಇಟ್ಟುಕೊಳ್ಳುವುದು ಲೇಸು. ನಮ್ಮ ಸಲಹೆ ‘ತುಂಬಿತು’.

ರಾಜ್‌ಕುಮಾರ್ ತೀರಿಕೊಂಡ ದಿನಾಂಕಕ್ಕೆ ತಿಂಗಳು-ದಿನದ ಕ್ರಮದಿಂದಲೂ ಅಪಾಯವಿದೆ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ. 4/24 ಎಂದಿದ್ದರೆ ತಪ್ಪು ತಿಳಿಯುವ ಪ್ರಶ್ನೆಯಿಲ್ಲ, 24ನೇ ತಿಂಗಳು ಇಲ್ಲವಲ್ಲ. ಆದರೆ 4/12/2006 ಎಂದು ಅಲ್ಲಿಯ ತಾಣದಲ್ಲಿ ಕಂಡದ್ದನ್ನು ನಮ್ಮ ಕ್ರಮದಲ್ಲಿ ಓದಿದರೆ ಏಪ್ರಿಲ್ 12 ಹೋಗಿ ಡಿಸೆಂಬರ್ 4 ಆಗುತ್ತದೆ. ದಿನ 12ರ ಒಳಗಿದ್ದಾಗೆಲ್ಲ ಈ ಅನುಮಾನ ಇಟ್ಟುಕೊಳ್ಳಬೇಕು, ತಿಂಗಳನ್ನು ಅಕ್ಷರದಲ್ಲೇ ಬರೆದಿಡಬೇಕು. ಅಕ್ಷರದಲ್ಲಿ ಬರೆದರೂ ಸಂಕ್ಷೇಪ ಬೇಡ: ‘ಜೂ.’ ಎಂದರೆ ಜೂನ್, ‘ಜು.’ ಎಂದರೆ ಜುಲೈ. ಒಂದು ದೀರ್ಘ ಉದುರಿದರೆ ತಿಂಗಳೇ ಬದಲು. ಹಳೆಯ ಕನ್ನಡ ಪುಸ್ತಕಗಳಲ್ಲಿ ಕನ್ನಡ ಅಂಕಿಗಳಿರುತ್ತವೆ. ಅಚ್ಚು ಸವೆದಿದ್ದರೆ ೬ ಮತ್ತು ೯ ಒಂದೇ ರೀತಿ ಕಾಣುತ್ತವೆ. ೧೯೨೯ ಎಂಬುದನ್ನು ೧೯೨೬ ಎಂದು ಓದಲು ಅವಸರದ ಒಂದು ನೋಟ ಸಾಕು.

ಪಂಚಾಯತ್ ರಾಜ್ ದಿನದ ಸಾಲಿಗೆ ಸ್ವಲ್ಪ ಹೆಚ್ಚು ಹೊತ್ತು ಕೊಡಬೇಕು. ಗ್ರಾಮ ಪಂಚಾಯಿತಿ ಸದಸ್ಯರಿಂದ ಹಿಡಿದು ಪಿಡಿಒ ಪರೀಕ್ಷೆ ಬರೆಯುವವರವರೆಗೆ ಎಲ್ಲರಿಗೂ ಬೇಕಾದ ಸಂಗತಿ ಇದು. ಸಂವಿಧಾನದ 73ನೇ ತಿದ್ದುಪಡಿಗೆ ಒಂದಲ್ಲ, ನಾಲ್ಕು ದಿನಾಂಕಗಳಿವೆ. ಲೋಕಸಭೆ ಅಂಗೀಕರಿಸಿದ್ದು 1992ರ ಡಿಸೆಂಬರ್ 22, ರಾಜ್ಯಸಭೆ ಡಿಸೆಂಬರ್ 23. ಆಮೇಲೆ ಕನಿಷ್ಠ ಅರ್ಧದಷ್ಟು ರಾಜ್ಯಗಳ ವಿಧಾನಮಂಡಲಗಳು ಅನುಮೋದಿಸಬೇಕಿತ್ತು, ಅದಕ್ಕೇ ತಿಂಗಳುಗಳ ಅಂತರ. ರಾಷ್ಟ್ರಪತಿಯವರ ಅಂಕಿತ ಬಿದ್ದದ್ದು 1993ರ ಏಪ್ರಿಲ್ 20. ಜಾರಿಗೆ ಬಂದದ್ದು ಏಪ್ರಿಲ್ 24. ಕಾಯ್ದೆಯ ಹೆಸರಿನಲ್ಲಿ 1992 ಎಂದೇ ಇರುವುದರಿಂದ ‘1992ರ ಏಪ್ರಿಲ್ 24’ ಎಂಬ, ಎಂದೂ ನಡೆಯದ ದಿನವನ್ನು ಸೃಷ್ಟಿಸಿದವರಿದ್ದಾರೆ. ಇನ್ನು ‘1993ರಿಂದ ಆಚರಿಸಲಾಗುತ್ತಿದೆ’ ಎಂಬುದೂ ಸರಿಯಲ್ಲ. ರಾಷ್ಟ್ರೀಯ ಪಂಚಾಯತ್ ರಾಜ್ ದಿನವೆಂದು ಆಚರಣೆ ಆರಂಭವಾದದ್ದು 2010ರಲ್ಲಿ. ನಗರಸಭೆ, ಪುರಸಭೆಗಳಿಗೆ ಸಂಬಂಧಿಸಿದ 74ನೇ ತಿದ್ದುಪಡಿ ಜಾರಿಯಾದದ್ದು ಬೇರೆಯೇ ದಿನ, 1993ರ ಜೂನ್ 1. ಎರಡನ್ನೂ ಏಪ್ರಿಲ್ 24ಕ್ಕೆ ಹಾಕಬಾರದು.

ಇದರ ಪಕ್ಕದಲ್ಲೇ ಕರ್ನಾಟಕದ್ದೊಂದು ಸಾಲು ಬರುವುದು ನ್ಯಾಯ. 73ನೇ ತಿದ್ದುಪಡಿ ಬರುವ ಮೊದಲೇ, 1983ರ ರಾಜ್ಯ ಕಾಯ್ದೆಯ ಮೂಲಕ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳನ್ನು ತಂದು, ಮಹಿಳೆಯರಿಗೆ ಶೇ 25 ಸ್ಥಾನ ಮೀಸಲಿಟ್ಟು, 1987ರಲ್ಲಿ ಚುನಾವಣೆ ನಡೆಸಿದ ರಾಜ್ಯ ನಮ್ಮದು. ಅದರ ಹಿಂದಿನ ಶಕ್ತಿ ಸಚಿವ ಅಬ್ದುಲ್ ನಜೀರ್ ಸಾಬ್. 73ನೇ ತಿದ್ದುಪಡಿಗೆ ಅನುಗುಣವಾದ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ 1993ರ ಮೇ 10ರಂದು ಜಾರಿಗೆ ಬಂತು. ದೆಹಲಿಯ ದಿನಾಂಕ ಮಾತ್ರ ಹಾಕಿ ಇಷ್ಟನ್ನೂ ಬಿಟ್ಟರೆ, ನಮ್ಮೂರಿನ ಮಗು ಪಂಚಾಯಿತಿ ಎಂದರೆ ಮೇಲಿನಿಂದ ಇಳಿದು ಬಂದದ್ದು ಎಂದುಕೊಳ್ಳುತ್ತದೆ.

ಕಾನೂನಿನ ಸಾಲುಗಳಿಗೆ ಒಂದು ಕಟ್ಟಳೆ ಹಾಕಿಕೊಂಡರೆ ಅರ್ಧ ತಪ್ಪು ನಿಲ್ಲುತ್ತದೆ: ‘ಬಂತು’ ಎಂಬ ಪದವನ್ನು ಒಂಟಿಯಾಗಿ ಬಳಸಕೂಡದು. ಮಂಡನೆಯಾಯಿತು, ಅಂಗೀಕಾರವಾಯಿತು, ಅಂಕಿತ ಬಿತ್ತು, ಜಾರಿಗೆ ಬಂತು, ಆಚರಣೆ ಆರಂಭವಾಯಿತು — ಇವುಗಳಲ್ಲಿ ಯಾವುದು ಎಂದು ಹೇಳಲೇಬೇಕು. ಬಾಹ್ಯಾಕಾಶದ ಸಾಲುಗಳಿಗೂ ಇದೇ ಮಾತು. ಹಬಲ್ ದೂರದರ್ಶಕ ಏಪ್ರಿಲ್ 24ರಂದು ‘ಕಕ್ಷೆಯಲ್ಲಿ ಕೆಲಸ ಆರಂಭಿಸಿತು’ ಎಂದರೆ ತಪ್ಪು. 1990ರ ಏಪ್ರಿಲ್ 24ರಂದು ಡಿಸ್ಕವರಿ ನೌಕೆ ಅದನ್ನು ಹೊತ್ತು ಫ್ಲಾರಿಡಾದಿಂದ ಹಾರಿತು, ನಮ್ಮ ಸಮಯ ಸಂಜೆ 6 ಗಂಟೆ ದಾಟಿತ್ತು. ನೌಕೆಯಿಂದ ಹೊರಗೆ ಬಿಟ್ಟದ್ದು ಮರುದಿನ. ಅದರ 2.4 ಮೀಟರ್ ಕನ್ನಡಿಯ ಅಂಚನ್ನು ಬೇಕಾದ್ದಕ್ಕಿಂತ ಸುಮಾರು 2 ಮೈಕ್ರಾನ್ ಹೆಚ್ಚು ಉಜ್ಜಿದ್ದರಿಂದ ಚಿತ್ರಗಳು ಮಸುಕಾಗಿ ಬಂದವು. ಸರಿಹೋದದ್ದು 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಹೋಗಿ ರಿಪೇರಿ ಮಾಡಿದ ಮೇಲೆ.

ಗಂಟೆಯ ವ್ಯತ್ಯಾಸ ದಿನವನ್ನೇ ಬದಲಿಸುವುದು ಹೇಗೆಂಬುದಕ್ಕೆ ಸೋಯುಜ್-1 ನೋಡಿ. ವ್ಲಾದಿಮಿರ್ ಕೊಮರೊವ್ ಹೊರಟದ್ದು 1967ರ ಏಪ್ರಿಲ್ 23ರಂದು. ಇಳಿಯುವಾಗ ಪ್ಯಾರಾಚೂಟ್ ಸರಿಯಾಗಿ ಬಿಚ್ಚಿಕೊಳ್ಳದೆ ನೌಕೆ ನೆಲಕ್ಕಪ್ಪಳಿಸಿ ಅವರು ಪ್ರಾಣ ಕಳೆದುಕೊಂಡದ್ದು ಏಪ್ರಿಲ್ 24ರ ಬೆಳಿಗ್ಗೆ, ಮಾಸ್ಕೊ ಸಮಯ 6.22ಕ್ಕೆ. ಆಗ ಭಾರತದಲ್ಲಿ 8.52. ನ್ಯೂಯಾರ್ಕಿನಲ್ಲಿ ಮಾತ್ರ ಇನ್ನೂ ಏಪ್ರಿಲ್ 23ರ ರಾತ್ರಿ. ಅಮೆರಿಕದ ಮೂಲದಿಂದ ತೆಗೆದವರು 23 ಎಂದು ಬರೆದರೆ ಆಶ್ಚರ್ಯವಿಲ್ಲ. ಇದಕ್ಕಿಂತ ಎಲ್ಲರಿಗೂ ಗೊತ್ತಿರುವ ಉದಾಹರಣೆ ಚಂದ್ರನದು. ಈಗಲ್ ನೌಕೆ ಇಳಿದದ್ದು ಗ್ರೀನಿಚ್ ಲೆಕ್ಕದಲ್ಲಿ 1969ರ ಜುಲೈ 20ರ ರಾತ್ರಿ 8.17, ಅಂದರೆ ಭಾರತದಲ್ಲಿ ಜುಲೈ 21ರ ನಸುಕಿನ 1.47. ಆರ್ಮ್‌ಸ್ಟ್ರಾಂಗ್ ಹೆಜ್ಜೆಯಿಟ್ಟಾಗ ನಮ್ಮಲ್ಲಿ ಜುಲೈ 21ರ ಬೆಳಿಗ್ಗೆ 8.26. ಎರಡರಲ್ಲಿ ಯಾವ ದಿನ ಹಾಕಿದರೂ ತಪ್ಪಲ್ಲ, ಯಾವ ಊರಿನ ಸಮಯ ಎಂದು ಹೇಳದಿರುವುದು ತಪ್ಪು. ಸುಲಭ ದಾರಿ: ಘಟನೆ ನಡೆದ ಊರಿನ ದಿನಾಂಕವನ್ನೇ ಹಾಕುವುದು, ಭಾರತದಲ್ಲಿ ದಿನ ಬೇರೆಯಾಗಿದ್ದರೆ ‘ಭಾರತೀಯ ಸಮಯ ಜುಲೈ 21’ ಎಂದು ಎರಡು ಪದ ಸೇರಿಸುವುದು. ಲೆಕ್ಕಕ್ಕೆ ಮೊದಲು ಗ್ರೀನಿಚ್ ಸಮಯಕ್ಕೆ ತಂದು ಐದೂವರೆ ಗಂಟೆ ಕೂಡಿಸಬೇಕು. ಅಮೆರಿಕದ ಸಮಯದಿಂದ ನೇರವಾಗಿ ಕೂಡಿಸಲು ಹೋದರೆ ಬೇಸಿಗೆಯಲ್ಲಿ ಅವರು ಗಡಿಯಾರವನ್ನು ಒಂದು ಗಂಟೆ ಮುಂದೆ ಮಾಡಿಕೊಳ್ಳುವುದು ಮರೆತುಹೋಗುತ್ತದೆ.

ನಮ್ಮಲ್ಲೇ ದಿನ ಶುರುವಾಗುವುದು ಎರಡು ರೀತಿ. ಕ್ಯಾಲೆಂಡರಿಗೆ ನಡುರಾತ್ರಿಯಿಂದ, ಪಂಚಾಂಗಕ್ಕೆ ಸೂರ್ಯೋದಯದಿಂದ. ನಸುಕಿನ ಮೂರು ಗಂಟೆಗೆ ಹುಟ್ಟಿದವರ ಜಾತಕದಲ್ಲಿ ಹಿಂದಿನ ದಿನದ ವಾರವೇ ಇರುತ್ತದೆ. ಜಾತಕದಿಂದ ತಾರೀಖು ತೆಗೆದಾಗ ಒಂದು ದಿನ ಹೆಚ್ಚುಕಡಿಮೆಯಾಗುವುದು ಬಹುಪಾಲು ಹೀಗೆಯೇ. ಸಾಹಿತಿಗಳು, ಸಂಗೀತಗಾರರು, ಸ್ವಾತಂತ್ರ್ಯ ಹೋರಾಟಗಾರರಿಗೆ ಎರಡೆರಡು ಜನ್ಮದಿನ ಕಾಣಿಸಿದರೆ ಮೊದಲು ಇದನ್ನು ನೋಡಬೇಕು. ಎರಡನೆಯದು ಶಾಲೆಯ ದಾಖಲಾತಿ ಪುಸ್ತಕ: ಸೇರಿಸುವಾಗ ಮೇಷ್ಟ್ರು ವಯಸ್ಸಿಗೆ ಸರಿಹೊಂದುವಂತೆ ಜೂನ್ 1 ಎಂದು ಬರೆದುಕೊಂಡ ತಲೆಮಾರುಗಳೇ ನಮ್ಮಲ್ಲಿವೆ. ದಾಖಲೆಯ ದಿನಾಂಕವನ್ನೂ ಮನೆಯವರು ಆಚರಿಸುವ ದಿನಾಂಕವನ್ನೂ ಕಡತದಲ್ಲಿ ಇಟ್ಟು, ಅಂಕಣದಲ್ಲಿ ಯಾವುದನ್ನು ಹಾಕುತ್ತೇವೆ ಎಂದು ಒಮ್ಮೆ ನಿರ್ಧರಿಸಿದರೆ ವರ್ಷಕ್ಕೆ ಎರಡು ಸಲ ಒಬ್ಬರ ಹುಟ್ಟುಹಬ್ಬ ಬರುವುದು ನಿಲ್ಲುತ್ತದೆ.

ತಿಥಿಯ ಜಯಂತಿಗಳನ್ನಂತೂ ತಾರೀಖಿನ ಕಡತಕ್ಕೆ ಸೇರಿಸಲೇಬಾರದು. ಬಸವ ಜಯಂತಿ ಬರುವುದು ವೈಶಾಖ ಶುದ್ಧ ತದಿಗೆ, ಅಕ್ಷಯ ತೃತೀಯದಂದು. 2012ರಲ್ಲಿ ಅದು ಏಪ್ರಿಲ್ 24ಕ್ಕೇ ಬಿದ್ದಿತ್ತು. 2024ರಲ್ಲಿ ಮೇ 10. ಒಮ್ಮೆ 24ಕ್ಕೆ ಬಂದದ್ದನ್ನು ಕಡತದಲ್ಲಿ ಸ್ಥಿರವಾಗಿ ಸೇರಿಸಿಬಿಟ್ಟರೆ ಮುಂದಿನ ಪ್ರತಿ ವರ್ಷವೂ ತಪ್ಪು. ಇದು ನಮ್ಮಲ್ಲಿ ಮಾತ್ರ ಇರುವ ತೊಡಕಲ್ಲ. ಡಬ್ಲಿನ್‌ನಲ್ಲಿ ಐರಿಷ್ ಕ್ರಾಂತಿಕಾರಿಗಳು ಅಂಚೆ ಕಚೇರಿ ಹಿಡಿದು ಗಣರಾಜ್ಯ ಸಾರಿದ್ದು 1916ರ ಏಪ್ರಿಲ್ 24, ಅಂದು ಈಸ್ಟರ್ ಸೋಮವಾರ. ಈಸ್ಟರ್ ಪ್ರತಿ ವರ್ಷ ಸರಿಯುವುದರಿಂದ ಐರ್ಲೆಂಡಿನ ಸ್ಮರಣೆಯೂ ಹಬ್ಬದ ಜೊತೆ ಸರಿಯುತ್ತದೆ. ಘಟನೆಯ ತಾರೀಖು ಏಪ್ರಿಲ್ 24ರ ಸಾಲಿಗೆ ಸೇರುತ್ತದೆ, ಸ್ಮರಣೆಯ ಸುದ್ದಿ ಸೇರುವುದಿಲ್ಲ.

ಈಗಿನ ಕ್ಯಾಲೆಂಡರಿಗೆ ಮೊದಲು ಯುರೋಪಿನಲ್ಲಿದ್ದ ಹಳೆಯ ಜೂಲಿಯನ್ ಕ್ಯಾಲೆಂಡರಿನ ಲೆಕ್ಕ ಬಂದಾಗ ಎಷ್ಟು ದಿನ ಕೂಡಿಸಬೇಕು ಎಂಬುದು ಶತಮಾನಕ್ಕೆ ತಕ್ಕಂತೆ ಬದಲಾಗುತ್ತದೆ: 1700ರ ಫೆಬ್ರುವರಿವರೆಗೆ 10, ನಂತರ 1800ರವರೆಗೆ 11, 1900ರವರೆಗೆ 12, ಅಲ್ಲಿಂದೀಚೆಗೆ 13. ಲೆನಿನ್ ಹುಟ್ಟಿದ್ದು ಹಳೆಯ ಲೆಕ್ಕದ 1870ರ ಏಪ್ರಿಲ್ 10. 12 ಕೂಡಿಸಿದರೆ 22, ಅದು ಸರಿ. ಅಕ್ಟೋಬರ್ ಕ್ರಾಂತಿಗೆ ಕೂಡಿಸುವ 13ನ್ನೇ ಇಲ್ಲಿಯೂ ಕೂಡಿಸಿದರೆ 23 ಆಗಿ ತಪ್ಪುತ್ತದೆ. ಏಪ್ರಿಲ್ 24ರ ಹಿಂದಿನ ದಿನಕ್ಕೆ ‘ಶೇಕ್ಸ್‌ಪಿಯರ್ ಮತ್ತು ಸರ್ವಾಂಟಿಸ್ ಒಂದೇ ದಿನ ತೀರಿಕೊಂಡರು’ ಎಂಬ ಸಾಲು ಎಷ್ಟೋ ವರ್ಷಗಳಿಂದ ಬರುತ್ತಿದೆ. ಇಬ್ಬರಿಗೂ 1616ರ ಏಪ್ರಿಲ್ 23 ಎಂದೇ ದಾಖಲೆ, ನಿಜ. ಆದರೆ ಸ್ಪೇನ್ ಆಗಲೇ ಹೊಸ ಕ್ಯಾಲೆಂಡರಿಗೆ ಬಂದಿತ್ತು, ಇಂಗ್ಲೆಂಡ್ ಬಂದಿರಲಿಲ್ಲ. ಆ ದಾಖಲೆಗಳ ಪ್ರಕಾರವೇ ಶೇಕ್ಸ್‌ಪಿಯರ್ ತೀರಿಕೊಂಡದ್ದು ಹತ್ತು ದಿನ ತಡವಾಗಿ. ಬ್ರಿಟನ್ 1752ರಲ್ಲಿ ಬದಲಾಗುವವರೆಗೆ ಈಸ್ಟ್ ಇಂಡಿಯಾ ಕಂಪನಿಯ ಕಾಗದಗಳಲ್ಲೂ ಹಳೆಯ ಲೆಕ್ಕವೇ, ಹೊಸ ವರ್ಷ ಮಾರ್ಚ್ 25ಕ್ಕೆ. ಆ ಕಾಲದ ಜನವರಿ, ಫೆಬ್ರುವರಿ ಪತ್ರಗಳಿಗೆ ಇಸವಿಯನ್ನು ಒಂದು ಹೆಚ್ಚಿಸಿ ಓದಬೇಕು. ಶಾಸನಗಳಿಗೆ ಶಕ ವರ್ಷಕ್ಕೆ 78 ಕೂಡಿಸುವುದು ಎಲ್ಲರಿಗೂ ಗೊತ್ತು, ಬಾದಾಮಿಯ ಬಂಡೆಯ ಶಕ 465 ಅಂದರೆ ಕ್ರಿ.ಶ. 543. ಜನವರಿಯಿಂದ ಯುಗಾದಿಯವರೆಗಿನ ತಿಥಿಯಾದರೆ 79 ಕೂಡಿಸಬೇಕು. ಶಾಸನದಲ್ಲಿ ತಿಂಗಳು-ತಿಥಿ ಇಲ್ಲವಾದರೆ ಅದನ್ನು ಯಾವ ದಿನದ ಅಂಕಣಕ್ಕೂ ತರಬಾರದು.

1915ರ ಏಪ್ರಿಲ್ 24ರ ಸಾಲಿನಲ್ಲಿ ಇವೆಲ್ಲ ತೊಡಕುಗಳೂ ಒಟ್ಟಿಗೆ ಸೇರಿವೆ. ಅಂದು ಕಾನ್‌ಸ್ಟಾಂಟಿನೋಪಲ್‌ನಲ್ಲಿ ಒಟ್ಟೊಮನ್ ಸರ್ಕಾರ ನೂರಾರು ಅರ್ಮೇನಿಯನ್ ಬರಹಗಾರರು, ಪತ್ರಕರ್ತರು, ಮುಖಂಡರನ್ನು ಹಿಡಿದು ಸಾಗಿಸಿತು. ಅರ್ಮೇನಿಯನ್ನರು ಆ ನರಮೇಧದ ಸ್ಮರಣೆ ಮಾಡುವುದು ಇದೇ ದಿನ. ಆಗಿನ ಒಟ್ಟೊಮನ್ ಕಾಗದಗಳಲ್ಲಿ ತಾರೀಖು ಏಪ್ರಿಲ್ 11, ಇಸವಿ ಅವರದೇ ಲೆಕ್ಕದ 1331. ಅರ್ಮೇನಿಯನ್ನರು ಆ ದಿನವನ್ನು ‘ಕೆಂಪು ಭಾನುವಾರ’ ಎನ್ನುತ್ತಾರೆ, ಆದರೆ 1915ರ ಏಪ್ರಿಲ್ 24 ಶನಿವಾರ. ಬಂಧನ ಶುರುವಾದದ್ದು ಶನಿವಾರ ರಾತ್ರಿ, ಮುಂದುವರಿದದ್ದು ನಡುರಾತ್ರಿ ದಾಟಿ ಭಾನುವಾರಕ್ಕೆ. ವಾರ ತಾಳೆಯಾಗದಿದ್ದಾಗ ಅದರ ಹಿಂದೆ ಹೀಗೊಂದು ಕಾರಣ ಇರಬಹುದು, ಇಲ್ಲವೇ ತಾರೀಖೇ ತಪ್ಪಿರಬಹುದು. ಹಾಗಾಗಿ ಪ್ರತಿ ಸಾಲಿಗೂ ವಾರ ಹಾಕಿ ನೋಡುವುದು ತಪ್ಪು ಹಿಡಿಯಲು ಅತಿ ಅಗ್ಗದ ಉಪಾಯ.

ಅದಕ್ಕೆ ಬಾಯಿಲೆಕ್ಕ ಸಾಕು. ಯಾವುದೇ ವರ್ಷದಲ್ಲಿ 4/4, 6/6, 8/8, 10/10, 12/12 ಈ ಐದೂ ತಾರೀಖುಗಳಿಗೆ ಒಂದೇ ವಾರ. ಏಪ್ರಿಲ್ 4ಕ್ಕೆ ಮೂರು ವಾರ ಕೂಡಿಸಿದರೆ 25, ಅದಕ್ಕೂ ಅದೇ ವಾರ. 24 ಅದರ ಹಿಂದಿನ ದಿನ. ವರ್ಷದಿಂದ ವರ್ಷಕ್ಕೆ ವಾರ ಒಂದು ಮುಂದೆ ಸರಿಯುತ್ತದೆ, ಮಧ್ಯೆ ಫೆಬ್ರುವರಿ 29 ಬಂದರೆ ಎರಡು. ಶಾರ್ಜಾ ಫೈನಲ್ ನಡೆದ 1998ರ ಏಪ್ರಿಲ್ 24 ಶುಕ್ರವಾರ, 1999ರಲ್ಲಿ ಶನಿವಾರ, 2000ದಲ್ಲಿ ನೇರ ಸೋಮವಾರ. ಹೀಗೇ ಹಿಂದಕ್ಕೆ ಎಣಿಸುತ್ತ ಹೋದರೆ ಸಚಿನ್ ಹುಟ್ಟಿದ್ದು ಮಂಗಳವಾರ, ರಾಜ್‌ಕುಮಾರ್ ಹುಟ್ಟಿದ್ದು ಬುಧವಾರ.

ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬುದರಲ್ಲೂ ವಿವೇಚನೆ ಬೇಕು. ಏಪ್ರಿಲ್ 24ರ ಇಂಗ್ಲಿಷ್ ಪಟ್ಟಿಗಳಲ್ಲಿ ‘ಕ್ರಿ.ಪೂ. 1184: ಮರದ ಕುದುರೆಯ ಮೂಲಕ ಗ್ರೀಕರು ಟ್ರಾಯ್ ನಗರ ಹೊಕ್ಕರು’ ಎಂದಿರುತ್ತದೆ. ಇಸವಿ ಎರಟೊಸ್ತನೀಸ್ ಎಂಬ ಪ್ರಾಚೀನ ವಿದ್ವಾಂಸ ಹಾಕಿದ ಲೆಕ್ಕ. ಕಥೆಯ ಕುದುರೆಗೆ ತಾರೀಖು ಕೊಟ್ಟು ಇತಿಹಾಸದ ಸಾಲಿನಲ್ಲಿ ನಿಲ್ಲಿಸುವುದು ಸಲ್ಲದು, ಅದನ್ನು ಬಿಟ್ಟುಬಿಡಿ. ಆ ಜಾಗದಲ್ಲಿ ಚೀನಾ ತನ್ನ ಮೊದಲ ಉಪಗ್ರಹ ಹಾರಿಸಿದ 1970 ಬರಲಿ, ನಮ್ಮ ಪೀಣ್ಯದಲ್ಲಿ ಸಿದ್ಧವಾದ ಆರ್ಯಭಟ ಐದು ವರ್ಷದ ನಂತರ, 1975ರ ಏಪ್ರಿಲ್ 19ರಂದು ಹೋಯಿತೆಂಬುದನ್ನು ಜೊತೆಗೆ ಹೇಳಬಹುದು. ಹಿಂದಿಯ ಕವಿ ರಾಮಧಾರಿ ಸಿಂಹ ದಿನಕರ್ 1974ರಲ್ಲಿ, ಚಿತ್ರಕಾರ ಜಾಮಿನಿ ರಾಯ್ 1972ರಲ್ಲಿ, ರಂಗನಟ-ಗಾಯಕ ದೀನಾನಾಥ್ ಮಂಗೇಶ್ಕರ್ 1942ರಲ್ಲಿ ತೀರಿಕೊಂಡದ್ದೂ ಇದೇ ದಿನ. ಇವರಿಗೆ ಒಂದೊಂದು ಸಾಲು ಸಾಕು.

ಬಿಡಲೇಬಾರದ ಸಾಲು 2013ರದು. ಢಾಕಾ ಬಳಿಯ ಸಾವರ್‌ನಲ್ಲಿ ಎಂಟು ಅಂತಸ್ತಿನ ರಾಣಾ ಪ್ಲಾಜಾ ಕುಸಿದು 1,134 ಜನ ಸತ್ತರು. ಗೋಡೆಯಲ್ಲಿ ಬಿರುಕು ಕಂಡದ್ದು ಹಿಂದಿನ ದಿನ, ಏಪ್ರಿಲ್ 23ರಂದು. ಕೆಳಗಿನ ಬ್ಯಾಂಕು, ಅಂಗಡಿಗಳು ಮುಚ್ಚಿದವು. ಮೇಲಿನ ಗಾರ್ಮೆಂಟ್ಸ್ ಕೆಲಸಗಾರರನ್ನು ಮಾತ್ರ ಬುಧವಾರ ಬೆಳಿಗ್ಗೆ ಮತ್ತೆ ಒಳಗೆ ಕರೆದರು. ಬೆಂಗಳೂರಿನಲ್ಲಿ, ರಾಮನಗರದಲ್ಲಿ ಬೆಳಗಾಗುವ ಮುನ್ನ ಬುತ್ತಿ ಕಟ್ಟಿಕೊಂಡು ಗಾರ್ಮೆಂಟ್ಸ್‌ಗೆ ಹೊರಡುವ ಹೆಣ್ಣುಮಕ್ಕಳ ಮನೆಗೂ ನಿಮ್ಮ ಪತ್ರಿಕೆ ಹೋಗುತ್ತದೆ. ತಾರೆಯರ ಹುಟ್ಟುಹಬ್ಬದ ಜೊತೆ ಆ ಸಾಲು ಅಲ್ಲಿ ಇರಲೇಬೇಕು, ‘ಕಟ್ಟಡ ಕುಸಿತ’ ಎಂದಷ್ಟೇ ಅಲ್ಲ, ಬಿರುಕು ಕಂಡ ಮೇಲೂ ಕರೆಸಿಕೊಂಡರು ಎಂಬುದರ ಸಮೇತ.

ಕಡತ ಇಡುವ ಕ್ರಮದ ಬಗ್ಗೆ ಕೊನೆಯ ಮಾತು. ಪ್ರತಿ ಘಟನೆಗೆ ಒಂದು ಚೀಟಿಯಿರಲಿ, ಕಂಪ್ಯೂಟರಿನಲ್ಲಾದರೆ ಒಂದು ಸಾಲು: ತಾರೀಖು, ವಾರ, ಊರು ಅಂದಿನ ಹೆಸರಿನಲ್ಲಿ, ಸ್ಥಳೀಯ ಸಮಯ, ಖಚಿತ ಕ್ರಿಯಾಪದ, ಎರಡು ಮೂಲ, ಕೊನೆಯ ಸಲ ತಾಳೆ ನೋಡಿದ ದಿನ. ಎರಡು ಜಾಲತಾಣಗಳನ್ನು ಎರಡು ಮೂಲವೆಂದು ಎಣಿಸಬೇಡಿ, ಒಂದು ಇನ್ನೊಂದರ ನಕಲಾಗಿರುವುದೇ ಹೆಚ್ಚು. ಕಾನೂನಿಗೆ ರಾಜ್ಯಪತ್ರ, ಆಟಕ್ಕೆ ಸ್ಕೋರ್‌ಕಾರ್ಡ್, ಉಳಿದದ್ದಕ್ಕೆ ಮರುದಿನದ ಪತ್ರಿಕೆ. ಹಳೆಯ ಪತ್ರಿಕೆ ನೋಡುವಾಗ ಮೇಲಿನ ತಾರೀಖು ಬೇಡ, ಸುದ್ದಿಯ ತಲೆಯಲ್ಲಿ ಊರಿನ ಹೆಸರಿನ ಜೊತೆಗಿರುವ ತಾರೀಖು ಬೇಕು. ದೂರದ ಊರುಗಳ ಡಾಕ್ ಆವೃತ್ತಿಯಲ್ಲಿ ಸುದ್ದಿ ಇನ್ನೂ ಒಂದು ದಿನ ತಡವಾಗಿ ಬಂದಿರುತ್ತದೆ, ಅಲ್ಲಿ ‘ನಿನ್ನೆ’ ಎಂದಿದ್ದರೂ ನಂಬುವಂತಿಲ್ಲ. ತಪ್ಪು ಅಚ್ಚಾಗಿಬಿಟ್ಟರೆ ತಿದ್ದುಪಡಿಯನ್ನು ಮರುದಿನ ಅದೇ ಅಂಕಣದ ಕೆಳಗೇ ಹಾಕಿ, ಕತ್ತರಿಸಿ ಅಂಟಿಸಿಕೊಂಡವರ ಕಣ್ಣಿಗೆ ಬೀಳುವುದು ಅಲ್ಲಿಯೇ.

ಇದನ್ನು ಈಗಲೇ ಬರೆಯುತ್ತಿರುವುದಕ್ಕೆ ಇನ್ನೊಂದು ಕಾರಣವಿದೆ. ರಾಜ್‌ಕುಮಾರ್ ಅವರ ಜನ್ಮಶತಮಾನೋತ್ಸವ ಬರುತ್ತಿದೆ. 2028ರ ಏಪ್ರಿಲ್ 24ಕ್ಕೆ 99 ತುಂಬಿ ನೂರನೇ ವರ್ಷ ಆರಂಭ, ನೂರು ತುಂಬುವುದು 2029ರ ಏಪ್ರಿಲ್ 24ಕ್ಕೆ. ಎರಡೂ ದಿನ ನಾಡಿನ ಎಲ್ಲ ಪತ್ರಿಕೆಗಳಲ್ಲೂ ಆ ಸಾಲು ದೊಡ್ಡ ಅಕ್ಷರದಲ್ಲಿ ಬರುತ್ತದೆ. ನಿಮ್ಮ ಕಡತದಲ್ಲಿ ಗಾಜನೂರಿನ ಪಕ್ಕ ಯಾವ ಪ್ರಾಂತ್ಯದ ಹೆಸರಿದೆ ಎಂದು ದಯವಿಟ್ಟು ಈ ವಾರವೇ ತೆಗೆದು ನೋಡಿ.

ಇತಿ,
‘ಇತಿಹಾಸದಲ್ಲಿ ಈ ದಿನ’ ಅಂಕಣದ ನಿತ್ಯ ಓದುಗರು